ಮಲದಲ್ಲಿ ಇಡೀ ಮಾತ್ರೆ ಕಂಡರೆ ಅದು ನಕಲಿಯೇ? ಉತ್ತರ ಹಿಗುಚಿ ಎಂಬ ವಿಜ್ಞಾನಿಯ ಬದುಕಿನಲ್ಲಿದೆ

ಈ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಸಕ್ಕರೆ ಕಾಯಿಲೆಯ ಮಾತ್ರೆಯೊಂದನ್ನು ಲೋಟದ ನೀರಿಗೆ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಗ್ಗೆ ಅದು ಕರಗಿರುವುದಿಲ್ಲ, ಊದಿಕೊಂಡು ಲೋಳೆ ಮುದ್ದೆಯಾಗಿ ಕೂತಿರುತ್ತದೆ. ಔಷಧದ ಹೆಸರಿನಲ್ಲಿ ಪ್ಲಾಸ್ಟಿಕ್ ತಿನ್ನಿಸುತ್ತಿದ್ದಾರೆ, ಎಲ್ಲರಿಗೂ ಕಳಿಸಿ ಎಂದು ಕೆಳಗೆ ಬರೆದಿರುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಓದುಗರು ಈ ವಿಡಿಯೊ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: ಮನೆಯ ಹಿರಿಯರ ಮಲದಲ್ಲಿ ಮಾತ್ರೆ ಇದ್ದ ಹಾಗೇ ಕಾಣಿಸಿತು, ಇನ್ನು ಮುಂದೆ ಕುಟ್ಟಿ ಪುಡಿ ಮಾಡಿ ಕೊಡೋಣವೇ? ಮೊದಲೇ ಹೇಳಿಬಿಡುತ್ತೇವೆ, ಪುಡಿ ಮಾಡಬೇಡಿ. ಯಾಕೆ ಎಂಬುದಕ್ಕೆ ಟಕೇರು ಹಿಗುಚಿ ಅವರ ಕಥೆ ಗೊತ್ತಾಗಬೇಕು. ಔಷಧ ವಿಜ್ಞಾನ ಓದಿದವರಿಗೆ ಈ ಹೆಸರು ಚಿರಪರಿಚಿತ. ನಮ್ಮಲ್ಲಿ ಬಿ.ಫಾರ್ಮ್ ಮಾಡಿದ ಯಾರನ್ನು ಬೇಕಾದರೂ ಕೇಳಿ, ಹಿಗುಚಿ ಸಮೀಕರಣ ಎಂದರೆ ಪರೀಕ್ಷೆಯ ನೆನಪಾಗಿ ನಗುತ್ತಾರೆ.

ಹಿಗುಚಿ ಹುಟ್ಟಿದ್ದು 1918ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಜಪಾನಿನಿಂದ ಬಂದು ನೆಲೆಸಿದ್ದ ಕುಟುಂಬ. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರದ ಪದವಿ ಮುಗಿಸಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದರು, 1943ರಲ್ಲಿ ಪಿಎಚ್‌ಡಿ ಪಡೆದರು. ಆ ವರ್ಷಗಳನ್ನು ಗಮನಿಸಿ. 1942ರಲ್ಲಿ ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು, ಅಲ್ಲೇ ಹುಟ್ಟಿದ ಪ್ರಜೆಗಳನ್ನೂ ಸೇರಿಸಿ, ಮನೆ ಬಿಡಿಸಿ ಶಿಬಿರಗಳಿಗೆ ತುಂಬಿತು. ವಿಸ್ಕಾನ್ಸಿನ್ ಆ ಕರಾವಳಿಯಿಂದ ಬಹಳ ದೂರ. ಅವರು ಹುಟ್ಟಿದ ರಾಜ್ಯದಲ್ಲೇ ಆ ಮುಖದವರು ಓಡಾಡುವಂತಿಲ್ಲದ ಹೊತ್ತಿನಲ್ಲಿ ಈ ಯುವಕ ಪ್ರಯೋಗಾಲಯದಲ್ಲಿ ಪ್ರಬಂಧ ಮುಗಿಸುತ್ತಿದ್ದ.

ಯುದ್ಧಕಾಲದಲ್ಲಿ ಆಕ್ರನ್ ಎಂಬಲ್ಲಿ ಕೃತಕ ರಬ್ಬರ್ ಮೇಲೆ ಕೆಲಸ ಮಾಡಿದರು. ರಬ್ಬರ್ ಎಂದರೆ ಪಾಲಿಮರ್, ಅಂದರೆ ಸಣ್ಣ ಅಣುಗಳು ಸರಪಳಿಯಂತೆ ಕೊಂಡಿ ಹಾಕಿಕೊಂಡ ಉದ್ದನೆಯ ಅಣು. ಈ ಪದ ಕೇಳಿದರೆ ಪ್ಲಾಸ್ಟಿಕ್ ಚೀಲವೇ ಕಣ್ಣಿಗೆ ಬರುತ್ತದೆ. ಆದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆಯ ಎಳೆಯೂ ಪಾಲಿಮರ್, ರಾಗಿ ಮುದ್ದೆಯ ಪಿಷ್ಟವೂ ಪಾಲಿಮರ್. ಇನ್ನು ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅರಗನ್ನೇ ತೆಗೆದುಕೊಳ್ಳಿ. ಅದನ್ನು ಶುದ್ಧ ಮಾಡಿ ಮಾತ್ರೆಗಳ ಹೊರಪದರಕ್ಕೆ ಬಳಿಯುವುದು ಬಹಳ ಹಳೆಯ ಪದ್ಧತಿ.

ಯುದ್ಧದ ನಂತರ ಹಿಗುಚಿ ವಿಸ್ಕಾನ್ಸಿನ್‌ಗೆ ಮರಳಿ ಔಷಧ ವಿಭಾಗ ಸೇರಿದರು. ಆಗ ಮಾತ್ರೆ ತಯಾರಿಕೆ ಹೆಚ್ಚೂ ಕಡಿಮೆ ಅಡುಗೆಯ ಹಾಗೆ, ಕೈ ಅಳತೆ, ಅನುಭವ, ಅಂದಾಜು. ನಿಧಾನವಾಗಿ ಔಷಧ ಬಿಡುವ ಸರಕು ಇರಲಿಲ್ಲ ಎಂದಲ್ಲ. 1952ರಲ್ಲೇ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ಸ್ಪ್ಯಾನ್ಸೂಲ್ ಎಂಬ ಕ್ಯಾಪ್ಸೂಲ್ ತಂದಿತ್ತು, ಒಳಗೆ ನೂರಾರು ಸಣ್ಣ ಕಾಳು, ಅವಕ್ಕೆ ಬೇರೆ ಬೇರೆ ದಪ್ಪದ ಲೇಪ. ಕೆಲಸವನ್ನೇನೋ ಅದು ಮಾಡುತ್ತಿತ್ತು. ಆದರೆ ಯಾವ ಗಂಟೆಗೆ ಎಷ್ಟು ಔಷಧ ಹೊರಬರುತ್ತದೆ ಎಂದು ಲೆಕ್ಕ ಹಾಕಿ ಹೇಳುವ ಸರಳ ದಾರಿ ಬೇಕಿತ್ತು.

1961ರಲ್ಲಿ ಹಿಗುಚಿ ಆ ಲೆಕ್ಕ ಕೊಟ್ಟರು. ಮಾತ್ರೆಗಲ್ಲ, ಚರ್ಮಕ್ಕೆ ಹಚ್ಚುವ ಮುಲಾಮಿಗೆ! ಎರಡು ವರ್ಷದ ನಂತರ, 1963ರಲ್ಲಿ, ಗಟ್ಟಿ ಪದಾರ್ಥದೊಳಗೆ ಹರಡಿಕೊಂಡ ಔಷಧಕ್ಕೂ ಅದನ್ನು ವಿಸ್ತರಿಸಿದರು.

ಲೆಕ್ಕ ಇಷ್ಟೇ. ಕನಕಪುರದ ಕಡೆ ಒಂದು ಹಿಪ್ಪುನೇರಳೆ ತೋಟ ಇದೆ ಎನ್ನಿ. ಹುಳು ಮನೆ ತೋಟದ ಅಂಚಿನಲ್ಲಿದೆ. ಒಬ್ಬರೇ ಸೊಪ್ಪು ಕೊಯ್ದು ಹೊರುತ್ತಿದ್ದಾರೆ. ಮೊದಲು ಹತ್ತಿರದ ಸಾಲು ಖಾಲಿಯಾಗುತ್ತದೆ, ಹೊರೆಗಳು ಬೇಗ ಬೇಗ ಬರುತ್ತವೆ. ನಂತರ ಎರಡನೆಯ ಸಾಲು, ಮೂರನೆಯದು, ಹೀಗೆ ಪ್ರತಿ ಹೊರೆಗೂ ನಡಿಗೆ ಹೆಚ್ಚುತ್ತ ಹೋಗುತ್ತದೆ. ಪಾಲಿಮರ್ ಮಾತ್ರೆಯೂ ಹೀಗೇ. ಹೊಟ್ಟೆಯ ನೀರು ತಗುಲಿದೊಡನೆ ಹೊರಮೈ ಊದಿ ಲೋಳೆಯಾಗುತ್ತದೆ. ಅಂಚಿನಲ್ಲಿದ್ದ ಔಷಧ ಮೊದಲು ಕರಗಿ ಈಚೆ ಬರುತ್ತದೆ, ಒಳಗಿನದು ಆ ಲೋಳೆಯನ್ನೆಲ್ಲ ದಾಟಿ ಬರಬೇಕು. ಹಾಗಾಗಿ ಮೊದಲ ಒಂದು ಗಂಟೆಯಲ್ಲಿ ಬಂದದ್ದರ ಎರಡರಷ್ಟಾಗಲು ನಾಲ್ಕು ಗಂಟೆ ಬೇಕು, ಮೂರರಷ್ಟಾಗಲು ಒಂಬತ್ತು ಗಂಟೆ. ಹೊರಬರುವ ಔಷಧ ಸಮಯದ ವರ್ಗಮೂಲಕ್ಕೆ ತಕ್ಕಂತೆ ಹೆಚ್ಚುತ್ತದೆ. ಹಿಗುಚಿ ಸಮೀಕರಣದ ತಿರುಳು ಇದು.

ಇಲ್ಲೊಂದು ತಕರಾರು ನಮ್ಮದು. ಈ ಸಮೀಕರಣಕ್ಕೆ ಷರತ್ತುಗಳಿವೆ, ಪದಾರ್ಥ ಊದಬಾರದು, ಕರಗಬಾರದು ಎಂಬುದು ಅವುಗಳಲ್ಲಿ ಮುಖ್ಯ. ಈಗಿನ ಬಹಳಷ್ಟು ಮಾತ್ರೆಗಳು ಊದುತ್ತವೆ. ಆದರೂ ಷರತ್ತನ್ನು ಮರೆತು ಕಂಡ ಕಂಡ ಮಾತ್ರೆಗೆಲ್ಲ ಈ ಸೂತ್ರ ಹಚ್ಚಿ, ಗ್ರಾಫ್ ನೇರವಾಗಿ ಬಂತೆಂದು ಬರೆದುಬಿಡುವ ಪ್ರಬಂಧಗಳಿಗೆ ಕೊರತೆಯಿಲ್ಲ. ಅದು ಹಿಗುಚಿಯವರ ತಪ್ಪಲ್ಲ.

1967ರಲ್ಲಿ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಹೋದರು. ಲಾರೆನ್ಸ್ ಎಂಬ ಆ ಊರಿನಲ್ಲಿ ಪಾಠ, ಸಂಶೋಧನೆ, ಉದ್ಯಮ ಮೂರನ್ನೂ ಒಟ್ಟಿಗೆ ನಡೆಸಿದರು. ಆಲ್ಜಾ ಎಂಬ ಕಂಪನಿಯ ಜೊತೆಗಿನ ಕೆಲಸದಲ್ಲಿ ಅವರೂ ಫೆಲಿಕ್ಸ್ ಥೀವೆಸ್ ಎಂಬ ವಿಜ್ಞಾನಿಯೂ ಸೇರಿ ರೂಪಿಸಿದ ಒಂದು ಮಾತ್ರೆಗೆ 1974ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಹೊರಗೆ ಕರಗದ ಚಿಪ್ಪು, ಚಿಪ್ಪಿಗೆ ಬಹಳ ಸಣ್ಣ ತೂತು. ಚಿಪ್ಪು ನೀರನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಒಳಗೆ ಒತ್ತಡ ಏರಿ, ಕರಗಿದ ಔಷಧ ತೂತಿನಿಂದ ಒಂದೇ ಹದದಲ್ಲಿ ಜಿನುಗುತ್ತದೆ. ಎಲ್ಲ ಮುಗಿದ ಮೇಲೆ ಖಾಲಿ ಚಿಪ್ಪು ಮಲದ ಜೊತೆ ಹೋಗುತ್ತದೆ. ನೋಡಿದವರಿಗೆ ಅದು ಇಡೀ ಮಾತ್ರೆಯಂತೆಯೇ ಕಾಣುತ್ತದೆ!

ಊದುವ ಮಾತ್ರೆಯದ್ದೂ ಇದೇ ಕಥೆ. ನಿಧಾನಗತಿಯ ಮೆಟ್‌ಫಾರ್ಮಿನ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಹೈಪ್ರೊಮೆಲೋಸ್ ಎಂಬ ಪಾಲಿಮರ್. ಮರದ ತಿರುಳು ಅಥವಾ ಹತ್ತಿಯ ಸೆಲ್ಯುಲೋಸನ್ನು ಸಂಸ್ಕರಿಸಿ ಅದನ್ನು ತಯಾರಿಸುತ್ತಾರೆ. ನಮ್ಮ ಹೊಟ್ಟೆ ಅದನ್ನು ಅರಗಿಸುವುದಿಲ್ಲ, ಸೊಪ್ಪಿನ ನಾರಿನಂತೆ ಹೊರಗೆ ಕಳಿಸುತ್ತದೆ. ಕೆಲವು ಮಾತ್ರೆಗಳ ಲೇಪದಲ್ಲಿ ಕಾರ್ಖಾನೆಯಲ್ಲೇ ತಯಾರಾದ ಅಕ್ರಿಲಿಕ್ ಜಾತಿಯ ಪಾಲಿಮರ್ ಇರುವುದೂ ನಿಜ, ಅದನ್ನು ಮುಚ್ಚಿಡಬೇಕಿಲ್ಲ. ಅದೂ ರಕ್ತ ಸೇರದೆ ಹಾಗೇ ಹೊರಹೋಗುತ್ತದೆ. ವಿಡಿಯೊದಲ್ಲಿನ ಲೋಟದ ಮುದ್ದೆ ಸುಳ್ಳಲ್ಲ, ಅದಕ್ಕೆ ಕೊಟ್ಟ ಅರ್ಥ ಸುಳ್ಳು.

ಹಾಗಾದರೆ ಪುಡಿ ಮಾಡಿದರೆ ಏನಾಗುತ್ತದೆ? ಇಡೀ ದಿನಕ್ಕೆ ಹಂಚಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಮೆಟ್‌ಫಾರ್ಮಿನ್ ಆದರೆ ವಾಂತಿ, ಭೇದಿ ಹೆಚ್ಚಬಹುದು. ಗ್ಲಿಕ್ಲಾಜೈಡ್‌ನಂಥದ್ದಾದರೆ ಸಕ್ಕರೆ ಥಟ್ಟನೆ ಕುಸಿಯಬಹುದು, ಬಿಪಿಗೆ ಕೊಡುವ ನಿಫೆಡಿಪಿನ್ ಆದರೆ ಬಿಪಿ ಕುಸಿಯಬಹುದು. ಮಾರ್ಫಿನ್‌ನಂಥ ನೋವಿನ ಔಷಧವಾದರೆ ಉಸಿರೇ ನಿಂತೀತು. ಮೇಲಾಗಿ ರಾತ್ರಿಯ ಹೊತ್ತಿಗೆ ಮೈಯಲ್ಲಿ ಸಾಕಷ್ಟು ಔಷಧವೇ ಉಳಿದಿರುವುದಿಲ್ಲ.

ಹಿಗುಚಿ 1987ರಲ್ಲಿ ತೀರಿಕೊಂಡರು. ಆ ತೂತಿನ ಮಾತ್ರೆಯ ತತ್ವದಿಂದ ಬೆಳೆದ ನಿಫೆಡಿಪಿನ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು ಅದಾದ ಎರಡು ವರ್ಷಕ್ಕೆ, 1989ರಲ್ಲಿ. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೀವವಿಜ್ಞಾನ ಕೇಂದ್ರಕ್ಕೆ ಅವರದೇ ಹೆಸರಿದೆ.

ನಿಮ್ಮ ಮನೆಯ ಮಾತ್ರೆಯ ಪಟ್ಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಹೆಸರಿನ ಮುಂದೆ ಎಸ್‌ಆರ್, ಈಆರ್, ಎಕ್ಸ್‌ಆರ್, ಸಿಆರ್, ಎಂಆರ್ ಅಂತ ಏನಾದರೂ ಇದ್ದರೆ ಅದು ನಿಧಾನಗತಿಯ ಮಾತ್ರೆ. ನುಂಗಲು ಕಷ್ಟವಾದರೆ ಕುಟ್ಟುವ ಮುಂಚೆ ವೈದ್ಯರನ್ನೋ ಫಾರ್ಮಸಿಸ್ಟರನ್ನೋ ಕೇಳಿ. ಬೇರೆ ರೂಪದಲ್ಲಿ ಅದೇ ಔಷಧ ಸಿಗಬಹುದು, ನಡುವೆ ಗೆರೆ ಇರುವ ಕೆಲವನ್ನು ಎರಡು ಹೋಳು ಮಾಡಲೂಬಹುದು. ಜೋರು ಭೇದಿ ಇದ್ದಾಗ ಅಥವಾ ಕರುಳಿನ ಆಪರೇಷನ್ ಆದವರಲ್ಲಿ ಮಾತ್ರೆ ಔಷಧ ಬಿಡುವ ಮೊದಲೇ ಜಾರಿ ಹೋಗುವುದುಂಟು. ಅಂಥವರ ಮಲದಲ್ಲಿ ಮಾತ್ರೆ ಕಂಡರೆ, ಅಥವಾ ಸಕ್ಕರೆ, ಬಿಪಿ ಹತೋಟಿಗೆ ಬರುತ್ತಿಲ್ಲವಾದರೆ, ವೈದ್ಯರಿಗೆ ತಿಳಿಸಿ.