ನಮ್ಮ ಸೀಮೆಯ ಡಾ. ರಾಜ್‌ಕುಮಾರ್

ಡಾ. ರಾಜ್‌ಕುಮಾರ್ ಅವರು 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದರು. ಆ ಊರು ನಮ್ಮ ಚಾಮರಾಜನಗರಕ್ಕೆ ಹತ್ತಿರವೇ ಇದೆ, ಆದರೆ ಈಗ ತಮಿಳುನಾಡಿಗೆ ಸೇರಿದೆ. ಅವರ ಮೊದಲ ಹೆಸರು ಮುತ್ತುರಾಜ್. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ನಾಟಕದ ನಟರು. ಮನೆಯಲ್ಲಿ ಬಡತನ, ಓದು ಬೇಗ ನಿಂತಿತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಚಿಕ್ಕ ಚಿಕ್ಕ ಪಾತ್ರ ಮಾಡುತ್ತಾ ಹಿರಿಯರನ್ನು ನೋಡಿ ಕಲಿತರು.

1954ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ನಾಯಕರಾದರು. ಆಮೇಲೆ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟು ದೊಡ್ಡವರಾದರೂ ಎಲ್ಲರಿಗೂ ಕೈ ಮುಗಿಯುತ್ತಿದ್ದರು. ಅಭಿಮಾನಿಗಳನ್ನು ದೇವರು ಅಂತಲೇ ಕರೆಯುತ್ತಿದ್ದರು. 2006ರ ಏಪ್ರಿಲ್ 12ರಂದು ತೀರಿಕೊಂಡರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು.

ಇದನ್ನ ಯಾಕೆ ಬರೆದೆ ಅಂದ್ರೆ, ಹೋದ ತಿಂಗಳು ಗುಂಡ್ಲುಪೇಟೆ ಸಂತೆಯಲ್ಲಿ ಮೂಟೆ ಹೊರುವ ಒಬ್ಬ ತಾತನನ್ನು ನಾನು ಲೋ ಅಂತ ಕೂಗಿಬಿಟ್ಟೆ. ತಾತ ಏನೂ ಅನ್ನಲಿಲ್ಲ, ಸುಮ್ಮನೆ ಮೂಟೆ ಎತ್ತಿಕೊಂಡು ಹೋದರು. ಅಪ್ಪ ನನ್ನನ್ನು ಬೈಯಲಿಲ್ಲ. ಬಸ್ಸಿನಲ್ಲಿ ಬರುವಾಗ ಅಣ್ಣಾವ್ರ ಕಥೆ ಹೇಳಿದರು, ಅಷ್ಟೆ. ನನಗೆ ತುಂಬಾ ನಾಚಿಕೆಯಾಯ್ತು.

ಗೆಳೆಯರೇ, ದೊಡ್ಡ ಕೆಲಸಕ್ಕೆ ಸೇರಬೇಕು ಅಂತ ನಮಗೆಲ್ಲ ಆಸೆ ಇದೆ. ಅದಕ್ಕೆ ಮಾರ್ಕ್ಸ್ ಬೇಕು, ಜೊತೆಗೆ ಜನರ ಹತ್ತಿರ ಮಾತಾಡೋ ರೀತಿನೂ ಬೇಕು. ಮುಂದಿನ ಸಂತೆಗೆ ಹೋದಾಗ ಆ ತಾತನನ್ನು ಹುಡುಕಿ ತಪ್ಪಾಯ್ತು ಅಂತ ಹೇಳ್ತೀನಿ.