ಆನಗೋಡಿಗಿಂತ ಹಿಂದಿನ ಶಂಕರ್‌ನಾಗ್

ಮೊಳಕಾಲ್ಮೂರಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗೋ ಬಸ್ಸು ಆನಗೋಡು ದಾಟುವಾಗ ಯಾರಾದರೊಬ್ಬರು ಶಂಕರ್‌ನಾಗ್ ಹೆಸರು ಎತ್ತೇ ಎತ್ತುತ್ತಾರೆ. 1990ರ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದವರು ಅಲ್ಲೇ ಅಪಘಾತದಲ್ಲಿ ತೀರಿಕೊಂಡರು. ವಯಸ್ಸು ಬರೀ 35.

ನಮಗೆ ಗೊತ್ತಿರೋದು ಆಟೋ ಹಿಂದಿನ ಚಿತ್ರ, ‘ಸಾಂಗ್ಲಿಯಾನ’ದ ಖಾಕಿ. ಆದರೆ ಆ ಹೊಡೆದಾಟದ ಬೇರು ಜಪಾನಿನಲ್ಲಿದೆ! ಮುಂಬೈ ರಂಗಭೂಮಿಯಲ್ಲಿದ್ದ ಈ ಹೊನ್ನಾವರದ ಹುಡುಗನನ್ನು ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೆ ಕರೆತಂದರು. ನಿರ್ಮಾಪಕರು ಜಿ.ಎನ್. ಲಕ್ಷ್ಮೀಪತಿ. ಕುರೊಸಾವಾನ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ ಹುಟ್ಟಿದ, ಕೂಲಿಗೆ ಕಾದಾಡೋ ಸೈನಿಕರ ಕಥೆ ಅದು. ಕತ್ತಿ ಹಿಡಿದ ಆ ಪಾತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. 1980ರಲ್ಲಿ ‘ಮಿಂಚಿನ ಓಟ’ವನ್ನು ತಾವೇ ನಿರ್ದೇಶಿಸಿದರು.

ಆ ಮೊದಲ ಸಿನಿಮಾ ನೋಡದೇ ಅಭಿಮಾನಿ ಅನ್ನೋರೇ ನಮ್ಮಲ್ಲಿ ಜಾಸ್ತಿ. ಮೊನ್ನೆ ತನಕ ನಾನೂ ಹಾಗೇ ಇದ್ದೆ.