ಕಾಡಿನ ಜೀವವನ್ನು ಕಾಡಿಗೇ ಮರಳಿಸಿದ ಸಂತ: ಅಸ್ಸಿಸಿಯ ಫ್ರಾನ್ಸಿಸ್

ಅಕ್ಟೋಬರ್ ತಿಂಗಳ 4ನೇ ತಾರೀಖು ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ನಮ್ಮ ಅನೇಕ ದೇವಾಲಯಗಳ ಅಂಗಳದಲ್ಲಿ, ಕಾನ್ವೆಂಟುಗಳ ಹೂದೋಟಗಳಲ್ಲಿ ಈ ಸಂತರ ಸ್ವರೂಪವನ್ನು ಕಾಣುತ್ತೇವೆ. ಒರಟು ನಿಲುವಂಗಿ, ಸೊಂಟಕ್ಕೆ ಹಗ್ಗ, ಭುಜದ ಮೇಲೊಂದು ಪಾರಿವಾಳ, ಪಾದದ ಬಳಿ ತಲೆಬಾಗಿ ಕುಳಿತ ತೋಳ. ಈ ಚಿತ್ರ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಪ್ರಾಣಿಪಕ್ಷಿಗಳನ್ನು ಸದಾ ತಮ್ಮ ಸುತ್ತ ಇರಿಸಿಕೊಂಡು ಮುದ್ದಿಸುತ್ತಿದ್ದ ಸಾಧು ಎಂದೇ ಅವರನ್ನು ಭಾವಿಸುತ್ತೇವೆ. ಆದರೆ ಅವರು ತೀರಿಕೊಂಡ ಎರಡು ಮೂರು ವರ್ಷಗಳೊಳಗೆ ಚೆಲಾನೋದ ತೋಮಸ್ ಎಂಬ ಸನ್ಯಾಸಿ ಬರೆದ ಜೀವನಚರಿತ್ರೆಯನ್ನು ಓದಿದಾಗ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಬಲೆಗೆ, ಉರುಳಿಗೆ, ಮಾರಾಟಕ್ಕೆ ಸಿಕ್ಕಿದ ಜೀವಗಳು ಅವರ ಕೈಗೆ ಬಂದವು ನಿಜ. ಆದರೆ ಕಾಡು ನೀರಿನ ಜೀವಗಳನ್ನು ಅವರು ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ.

ಇಟಲಿ ದೇಶದ ಉಂಬ್ರಿಯಾ ಪ್ರಾಂತದ ಅಸ್ಸಿಸಿ ಪಟ್ಟಣದಲ್ಲಿ 1181 ಅಥವಾ 1182ರಲ್ಲಿ ಫ್ರಾನ್ಸಿಸರ ಜನನವಾಯಿತು. ತಂದೆ ಪಿಯೆತ್ರೋ ಬೆರ್ನಾರ್ದೋನೆ ಸಿರಿವಂತ ಬಟ್ಟೆ ವ್ಯಾಪಾರಿ. ಮಗನಿಗೆ ಹಣದ ಕೊರತೆಯಾಗಲಿ, ಗೆಳೆಯರ ಕೊರತೆಯಾಗಲಿ ಇರಲಿಲ್ಲ. ವೀರಯೋಧನಾಗುವ ಹಂಬಲದಿಂದ 1202ರಲ್ಲಿ ನೆರೆಯ ಪೆರೂಜಿಯಾ ನಗರದ ಮೇಲಿನ ಯುದ್ಧಕ್ಕೆ ಹೋದ ತರುಣ ಸೆರೆಸಿಕ್ಕು, ಸುಮಾರು ಒಂದು ವರ್ಷ ಶತ್ರುಗಳ ಬಂದೀಖಾನೆಯಲ್ಲಿ ಕೊಳೆಯಬೇಕಾಯಿತು. ಹೊರಬಂದಾಗ ಶರೀರ ಜರ್ಜರಿತವಾಗಿತ್ತು. ಮುಂದೆ ಸೆರೆಸಿಕ್ಕ ಪ್ರತಿಯೊಂದು ಜೀವವನ್ನು ಕಂಡಾಗಲೂ ಅವರ ಹೃದಯ ಅಷ್ಟು ಬೇಗ ಕರಗುತ್ತಿದ್ದುದಕ್ಕೆ ಈ ಒಂದು ವರ್ಷವೂ ಕಾರಣವಾಗಿರಬಹುದೆಂದು ಈ ಲೇಖಕನ ಅನಿಸಿಕೆ. ಪ್ರಾಚೀನ ಚರಿತ್ರೆಕಾರರು ಹಾಗೆ ಬರೆದಿಲ್ಲ.

ಮುಂದಿನ ಕಥೆ ಕ್ರೈಸ್ತ ಕುಟುಂಬಗಳಿಗೆ ಚಿರಪರಿಚಿತ. ಕುಷ್ಠರೋಗಿಯನ್ನು ಆಲಿಂಗಿಸಿದ್ದು, ಸಾನ್ ದಾಮಿಯಾನೋ ಎಂಬ ಪಾಳುಬಿದ್ದ ಗುಡಿಯಲ್ಲಿ ಶಿಲುಬೆಯ ಕರೆಯನ್ನು ಕೇಳಿದ್ದು, 1206ರಲ್ಲಿ ಧರ್ಮಾಧ್ಯಕ್ಷರ ಎದುರಿನಲ್ಲಿ ಉಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿದ್ದು, 1209ರಲ್ಲಿ ಮೂರನೆಯ ಇನ್ನೊಸೆಂಟ್ ಜಗದ್ಗುರುಗಳಿಂದ ತಮ್ಮ ಬಡ ಸೋದರರ ಸಂಘಕ್ಕೆ ಸಮ್ಮತಿ ಪಡೆದದ್ದು. ಇವುಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ನಮ್ಮ ಇಂದಿನ ಮಾತಿಗೆ ಬೇಕಾದ ಸ್ಥಳ ಗ್ರೆಚ್ಚೋ.

ಗ್ರೆಚ್ಚೋ ಎಂದೊಡನೆ 1223ರ ಕ್ರಿಸ್ಮಸ್ ರಾತ್ರಿ ಫ್ರಾನ್ಸಿಸರು ಅಲ್ಲಿ ಏರ್ಪಡಿಸಿದ ಗೋದಲಿ ನೆನಪಿಗೆ ಬರುತ್ತದೆ. ಅದೇ ಊರಿನಲ್ಲಿ ಅವರು ತಂಗಿದ್ದಾಗ ಒಮ್ಮೆ ಸೋದರನೊಬ್ಬನು ಉರುಳಿಗೆ ಸಿಕ್ಕಿದ್ದ ಮೊಲವೊಂದನ್ನು ಜೀವಂತವಾಗಿ ತಂದನು. ಫ್ರಾನ್ಸಿಸರು ಅದನ್ನು ಹತ್ತಿರ ಕರೆದು, ಹೀಗೇಕೆ ಮೋಸಹೋದೆಯೆಂದು ಮಗುವನ್ನು ಗದರುವಂತೆ ವಿಚಾರಿಸಿದರು. ಬಿಟ್ಟೊಡನೆ ಆ ಮೊಲ ಓಡಿಹೋಗಲಿಲ್ಲ. ಅವರ ಮಡಿಲಿಗೇ ಬಂದು ಅವಿತುಕೊಂಡಿತು. ಸ್ವಲ್ಪ ಹೊತ್ತು ತಾಯಿಯಂತೆ ನೇವರಿಸಿ ನೆಲಕ್ಕಿಳಿಸಿದರು. ಮತ್ತೆ ಮಡಿಲಿಗೇ ಬಂದಿತು. ಹೀಗೆ ಹಲವು ಬಾರಿ ನಡೆಯಿತು. ಇಂಥ ಗಳಿಗೆಯಲ್ಲಿ ನಾವಾದರೆ ಮೊಲವೇ ನಮ್ಮನ್ನು ಆರಿಸಿಕೊಂಡಿತೆಂದು ಹೆಮ್ಮೆಪಟ್ಟು ಮನೆಯಲ್ಲಿ ಗೂಡು ಕಟ್ಟಿಸುತ್ತಿದ್ದೆವು. ಫ್ರಾನ್ಸಿಸರಾದರೋ ಸೋದರರನ್ನು ಕರೆದು ಅದನ್ನು ಸಮೀಪದ ಕಾಡಿಗೆ ಒಯ್ದು ಬಿಡುವಂತೆ ಹೇಳಿದರು. ತ್ರಾಸಿಮೇನೋ ಸರೋವರದ ದ್ವೀಪದಲ್ಲಿದ್ದಾಗಲೂ ಇಂಥದೇ ಒಂದು ಮೊಲದ ಪ್ರಸಂಗ ನಡೆಯಿತೆಂದು ತೋಮಸ್ ಸೇರಿಸುತ್ತಾರೆ.

ಈ ಪ್ರಸಂಗವನ್ನು ನಮ್ಮ ಹಿರೀಸಾವೆಯ ಸೀಮೆಯ ಜನರು ಬೇಗ ಅರ್ಥಮಾಡಿಕೊಂಡಾರು. ಇಲ್ಲಿಯ ರಾಗಿ, ಹುರುಳಿ ಹೊಲಗಳಲ್ಲಿ, ತೆಂಗಿನ ತೋಟಗಳ ಅಂಚಿನ ಪೊದೆಗಳಲ್ಲಿ ಮೊಲಗಳಿಗೆ ಆಶ್ರಯವಿದೆ. ಯುಗಾದಿಯ ಆಸುಪಾಸಿನಲ್ಲಿ ಬಲೆ ಹೂಡಿ ಮೊಲದ ಬೇಟೆಗೆ ಹೊರಡುವ ವಾಡಿಕೆ ಈ ಬಯಲುಸೀಮೆಯ ಹಳ್ಳಿಗಳಲ್ಲಿ ಹಿಂದಿನಿಂದ ಇದ್ದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ ಅದು ಅಪರಾಧ. ಬೇಟೆಯ ಮಾತು ಹಾಗಿರಲಿ, ಕರುಣೆಯಿಂದಲೂ ಮೊಲಗಳು ಸಾಯುತ್ತವೆ. ಹೊಲ ಉಳುವಾಗಲೋ ಹುಲ್ಲು ಕೊಯ್ಯುವಾಗಲೋ ಪುಟ್ಟ ಮರಿಗಳು ಕಣ್ಣಿಗೆ ಬೀಳುತ್ತವೆ. ಸುತ್ತ ತಾಯಿ ಕಾಣುವುದಿಲ್ಲ. ಅಯ್ಯೋ ತಬ್ಬಲಿಗಳೆಂದು ಮಕ್ಕಳು ಬುಟ್ಟಿಯಲ್ಲಿಟ್ಟು ಮನೆಗೆ ತರುತ್ತಾರೆ, ಹಸುವಿನ ಹಾಲು ಕುಡಿಸುತ್ತಾರೆ. ಹೊಟ್ಟೆ ಕೆಟ್ಟು ನಾಲ್ಕಾರು ದಿನಗಳಲ್ಲಿ ಮರಿಗಳು ಸಾಯುತ್ತವೆ, ಮನೆಯಲ್ಲಿ ಮಕ್ಕಳ ಅಳು. ವಾಸ್ತವದಲ್ಲಿ ಅವು ತಬ್ಬಲಿಗಳೇ ಆಗಿರುವುದಿಲ್ಲ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು, ಕಣ್ಣು ತೆರೆದೇ ಹುಟ್ಟುತ್ತದೆ. ತಾಯಿ ತನ್ನ ವಾಸನೆ ಹಿಡಿದು ನರಿ, ನಾಯಿಗಳು ಬಾರದಿರಲೆಂದು ದೂರವಿದ್ದು, ಕತ್ತಲಾದ ಮೇಲೆ ಅಲ್ಪ ಹೊತ್ತು ಬಂದು ಹಾಲೂಡಿಸಿ ಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ಕಟಾವಿನ ವೇಳೆ ಸಿಗುವ ಚಿರತೆಯ ಮರಿಗಳದ್ದೂ ಬಹುಮಟ್ಟಿಗೆ ಇದೇ ಕಥೆ. ಮರಿಗಳನ್ನು ಕಂಡ ಸ್ಥಳದಲ್ಲೇ ಮತ್ತೆ ಇರಿಸಿ, ಜನರನ್ನು ದೂರ ಕಳುಹಿಸಿದರೆ, ರಾತ್ರಿ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುವುದನ್ನು ಅರಣ್ಯ ಇಲಾಖೆಯವರು ಅನೇಕ ಕಡೆ ಕಂಡಿದ್ದಾರೆ.

ಹೆದ್ದಾರಿಯಲ್ಲಿ ವಾಹನ ಬಡಿದು ನರಳುವ ಮುಂಗುಸಿ, ಪುನುಗುಬೆಕ್ಕುಗಳ ಮಾತು ಬೇರೆ. ಬಾವಿಗೆ ಬಿದ್ದ ಪ್ರಾಣಿಯ ಮಾತೂ ಬೇರೆ. ಅಲ್ಲಿ ಕೈಕಟ್ಟಿ ನಿಲ್ಲಲಾಗದು. ಹಾಗೆಂದು ಮನೆಗೆ ಒಯ್ಯುವುದೂ ಸಲ್ಲದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿದರೆ ಬಲ್ಲವರ ಕೈಗೆ ಪ್ರಾಣಿಯನ್ನು ಒಪ್ಪಿಸಬಹುದು.

ಫ್ರಾನ್ಸಿಸರ ಬಳಿಗೆ ಮರಳೋಣ. ರಿಯೇತಿ ಸರೋವರದಲ್ಲಿ ದೋಣಿಯಲ್ಲಿ ಕುಳಿತಿದ್ದಾಗ ಬೆಸ್ತನೊಬ್ಬನು ಆಗತಾನೇ ಹಿಡಿದ ದೊಡ್ಡ ಮೀನೊಂದನ್ನು ಭಕ್ತಿಯಿಂದ ಅವರಿಗೆ ಅರ್ಪಿಸಿದನು. ಅವರು ಸಂತೋಷದಿಂದ ಸ್ವೀಕರಿಸಿ, ಸೋದರನೆಂದು ಕರೆದು, ದೇವರನ್ನು ಸ್ತುತಿಸುತ್ತ ನೀರಿಗೇ ಬಿಟ್ಟರು. ಪ್ರಾರ್ಥನೆ ಮುಗಿದು ಅಪ್ಪಣೆ ಸಿಗುವ ತನಕ ಮೀನು ದೋಣಿಯ ಪಕ್ಕದಲ್ಲೇ ಆಡುತ್ತಿತ್ತಂತೆ. ದಾರಿಯಲ್ಲಿ ಹುಳುಗಳು ತುಳಿತಕ್ಕೆ ಸಿಕ್ಕಾವೆಂದು ಎತ್ತಿ ಬದಿಗಿಡುತ್ತಿದ್ದರು. ಚಳಿಗಾಲದಲ್ಲಿ ಜೇನುನೊಣಗಳು ಹಸಿವಿನಿಂದ ಸಾಯದಿರಲೆಂದು ಜೇನುತುಪ್ಪವನ್ನೂ ಒಳ್ಳೆಯ ದ್ರಾಕ್ಷಾರಸವನ್ನೂ ಇರಿಸುತ್ತಿದ್ದರು. ತಾವು ಮಾತ್ರ ಬೇಯಿಸಿದ ಊಟದ ಮೇಲೆ ಬೂದಿ ಉದುರಿಸಿಕೊಂಡು ಉಣ್ಣುತ್ತಿದ್ದ ಮನುಷ್ಯ!

ಆಂಕೋನಾ ಸೀಮೆಯ ಕುರಿಮರಿಗಳ ಪ್ರಸಂಗ ಈ ಎಲ್ಲಕ್ಕಿಂತ ಮನಮುಟ್ಟುವಂಥದು. ಕುರಿಮರಿ ಕಾಡುಪ್ರಾಣಿಯಲ್ಲ, ನಿಜ. ಆದರೂ ರಕ್ಷಿಸಿದ ನಂತರ ಮುಂದೇನು ಎಂಬ ಪ್ರಶ್ನೆ ಇಲ್ಲಿ ಮೂಡುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಮೂಡುವುದಿಲ್ಲ. ನಮ್ಮ ಸಂತೆಗಳಿಗೆ ಆಡುಕುರಿಗಳನ್ನು ಒಯ್ಯುವಂತೆಯೇ ಒಬ್ಬನು ಎರಡು ಮರಿಗಳ ಕಾಲು ಬಿಗಿದು ಹೆಗಲಿಗೆ ನೇತುಹಾಕಿಕೊಂಡು ಮಾರಲು ಹೊರಟಿದ್ದನು. ಮರಿಗಳ ಅರಚಾಟ ಕೇಳಿ ಫ್ರಾನ್ಸಿಸರು ತಡೆದು ನಿಲ್ಲಿಸಿದರು. ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಚಳಿಗೆಂದು ಅದೇ ದಿನ ಭಕ್ತನೊಬ್ಬನಿಂದ ಪಡೆದಿದ್ದ ಮೇಲುಹೊದಿಕೆಯನ್ನೇ ಬೆಲೆಯಾಗಿ ಕೊಟ್ಟರು. ಹೊದಿಕೆ ಮರಿಗಳಿಗಿಂತ ಎಷ್ಟೋ ಹೆಚ್ಚು ಬೆಲೆಬಾಳುವಂಥದಾದ್ದರಿಂದ ಆತ ಕೂಡಲೇ ಒಪ್ಪಿಕೊಂಡನು. ಮರಿಗಳು ಕೈಗೆ ಬಂದವು. ಈಗ ಅವುಗಳನ್ನು ಸಾಕುವವರು ಯಾರು? ಊರೂರು ಅಲೆಯುವ, ನಾಳೆಯ ಊಟಕ್ಕೂ ಗತಿಯಿಲ್ಲದ ಸನ್ಯಾಸಿಗೆ ಹುಲ್ಲುಗಾವಲೆಲ್ಲಿ, ಹಟ್ಟಿಯೆಲ್ಲಿ? ಜೊತೆಗಿದ್ದ ಸೋದರನೊಡನೆ ಆಲೋಚಿಸಿ, ಆ ಮನುಷ್ಯನಿಗೇ ಮರಿಗಳನ್ನು ಹಿಂದಿರುಗಿಸಿ, ಎಂದಿಗೂ ಮಾರಕೂಡದು, ನೋಯಿಸಕೂಡದು, ಚೆನ್ನಾಗಿ ಸಾಕಬೇಕೆಂದು ಕಟ್ಟಪ್ಪಣೆ ಮಾಡಿದರು. ಅದೇ ಸೀಮೆಯಲ್ಲಿ ಆಡುಗಳ ಹಿಂಡಿನ ನಡುವೆ ಒಂಟಿಯಾಗಿ ಮೇಯುತ್ತಿದ್ದ ಇನ್ನೊಂದು ಮರಿಯನ್ನು ದಾರಿಹೋಕ ವರ್ತಕನೊಬ್ಬ ಹಣ ತೆತ್ತು ಕೊಡಿಸಿದಾಗ, ಅದನ್ನು ಸಾನ್ ಸೆವೆರೀನೋದ ಮಠದ ಕನ್ಯಾಸ್ತ್ರೀಯರ ವಶಕ್ಕೆ ಒಪ್ಪಿಸಿದರು. ಅವರು ಬಹುಕಾಲ ಅಕ್ಕರೆಯಿಂದ ಸಾಕಿ, ಅದರ ಉಣ್ಣೆಯಿಂದಲೇ ನಿಲುವಂಗಿಯೊಂದನ್ನು ನೇಯ್ದು ಫ್ರಾನ್ಸಿಸರಿಗೆ ಕಳುಹಿಸಿದರು.

ತೋಳದ ಕಥೆಯನ್ನು ಹೇಳದೆ ಫ್ರಾನ್ಸಿಸರ ಚರಿತ್ರೆ ಮುಗಿಯದು. ಇದು ಅವರ ಕಾಲಾನಂತರ ಸುಮಾರು ಒಂದು ಶತಮಾನ ಕಳೆದ ಮೇಲೆ ಸಂಕಲಿತವಾದ ಗ್ರಂಥದಲ್ಲಿ ಬರುವುದರಿಂದ, ಇದನ್ನು ಚರಿತ್ರೆಗಿಂತ ಐತಿಹ್ಯವೆಂದು ಎಣಿಸುವವರು ಹೆಚ್ಚು. ಊರಿನ ಹೆಸರು ಗುಬ್ಬಿಯೋ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯನ್ನು ನೆನಪಿಸುವ ಹೆಸರು. ಅಲ್ಲಿ ತೋಳವೊಂದು ಜಾನುವಾರುಗಳನ್ನಷ್ಟೇ ಅಲ್ಲದೆ ಮನುಷ್ಯರನ್ನೂ ಕೊಂದು, ಜನ ಆಯುಧವಿಲ್ಲದೆ ಕೋಟೆಯಿಂದ ಹೊರಬೀಳಲು ಅಂಜುತ್ತಿದ್ದರು. ಫ್ರಾನ್ಸಿಸರು ಎದುರಿಗೆ ಹೋಗಿ ನಿಂತರು. ತೋಳ ನಿರಪರಾಧಿಯೆಂದು ಅವರು ವಾದಿಸಲಿಲ್ಲ. ಕೊಲೆಗಾರನಿಗೆ ತಕ್ಕ ಶಿಕ್ಷೆಗೆ ಅದು ಅರ್ಹವೆಂದು ಮೊದಲು ತಿಳಿಸಿ, ಅನಂತರ ಹಸಿವೇ ಈ ಕೇಡಿಗೆ ಮೂಲವೆಂಬುದನ್ನು ಗುರುತಿಸಿ, ತೋಳಕ್ಕೆ ದಿನವೂ ಆಹಾರ ಕೊಡುವ ಹೊಣೆಯನ್ನು ಊರವರಿಂದ ಒಪ್ಪಿಸಿದರು. ತೋಳ ಎರಡು ವರ್ಷ ಮನೆಮನೆಗೆ ಬಂದು ಉಂಡು, ಮುಪ್ಪಿನಿಂದ ಸತ್ತಾಗ ಊರು ಮರುಗಿತು.

ನಮ್ಮ ಜಿಲ್ಲೆಯಲ್ಲಿ ಈ ಕಥೆಯನ್ನು ಹಗುರವಾಗಿ ಹೇಳುವಂತಿಲ್ಲ. ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದ ಆಲೂರು, ಸಕಲೇಶಪುರ ಭಾಗದಲ್ಲಿ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದವರು ಆನೆಯ ಕಾಲಿಗೆ ಸಿಕ್ಕಿ ಮನೆಗೆ ಮರಳದಿರುವುದುಂಟು. 2014ರಲ್ಲಿ ಆ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು; ಆದರೂ ಸಂಕಟ ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಇಂಥದೇ ಸೆರೆ ಕಾರ್ಯಾಚರಣೆಯ ವೇಳೆ, ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯೊಡನೆ ಕಾದಾಡಿ ಯಸಳೂರು ವಲಯದಲ್ಲಿ ಪ್ರಾಣಬಿಟ್ಟಿತು. ಸತ್ತವನ ಮನೆಯವರ ಎದುರಿನಲ್ಲಿ ಕುಳಿತು ಪ್ರಾಣಿದಯೆಯ ಮಾತನಾಡುವುದು ಕಷ್ಟ. ಫ್ರಾನ್ಸಿಸರು ಎರಡೂ ಕಡೆಯವರ ನಷ್ಟವನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಒಪ್ಪಂದಕ್ಕೆ ಕೈಹಾಕಿದರೆಂಬುದನ್ನು ಗಮನಿಸಬೇಕು.

ಎಲ್ಲ ಜೀವಗಳನ್ನೂ ಹಿಂದಿರುಗಿಸಲು ಸಾಧ್ಯವೇ ಎಂದು ಕೇಳಿದರೆ, ಇಲ್ಲ. ಬೆಂಗಳೂರಿನ ಬನ್ನೇರುಘಟ್ಟದಲ್ಲಿ 2005ರಲ್ಲಿ ಆರಂಭವಾದ ಕರಡಿ ರಕ್ಷಣಾ ಕೇಂದ್ರಕ್ಕೆ ಬೀದಿಯಲ್ಲಿ ಕುಣಿಸಲ್ಪಡುತ್ತಿದ್ದ ಕರಡಿಗಳನ್ನು ತಂದು ಸೇರಿಸಲಾಯಿತು. ಮರಿಯಾಗಿದ್ದಾಗಲೇ ತಾಯಿಯಿಂದ ಅಗಲಿಸಿ, ಮೂತಿಗೆ ಕಾದ ಕಬ್ಬಿಣದಿಂದ ತೂತು ಕೊರೆದು ಹಗ್ಗ ಪೋಣಿಸಿ, ಹಲ್ಲು ಮುರಿದ ಪ್ರಾಣಿಗಳು ಅವು. ಕಾಡಿನಲ್ಲಿ ಗೆದ್ದಲ ಹುತ್ತ ಅಗೆದು ಬದುಕುವ ವಿದ್ಯೆಯನ್ನು ಅವು ಕಲಿತಿರಲೇ ಇಲ್ಲ. ಸಾನ್ ಸೆವೆರೀನೋದ ಸೋದರಿಯರು ಕುರಿಮರಿಯ ಹೊಣೆ ಹೊತ್ತಂತೆ, ಅಂಥವುಗಳನ್ನು ಆಯುಷ್ಯವಿರುವ ತನಕ ಯಾರಾದರೂ ನೋಡಿಕೊಳ್ಳಲೇಬೇಕು.

1219ರಲ್ಲಿ ಈಜಿಪ್ಟಿಗೆ ಹೋಗಿ ಸುಲ್ತಾನ ಅಲ್ ಕಾಮಿಲನನ್ನು ಕಂಡು ಮರಳಿದ ಮೇಲೆ ಫ್ರಾನ್ಸಿಸರ ಕಣ್ಣುಗಳು ಕೆಡುತ್ತ ಬಂದವು. 1224ರಲ್ಲಿ ಲಾ ವೆರ್ನಾ ಬೆಟ್ಟದಲ್ಲಿ ಪ್ರಭು ಯೇಸುವಿನ ಪಂಚಗಾಯಗಳು ಅವರ ದೇಹದಲ್ಲಿ ಮೂಡಿದವು. ಆ ಬೆಟ್ಟದಲ್ಲಿ ಗೂಡುಕಟ್ಟಿದ್ದ ಗಿಡುಗವೊಂದು ರಾತ್ರಿಯ ಪ್ರಾರ್ಥನೆಯ ಹೊತ್ತಿಗೆ ಕೂಗಿ ಎಬ್ಬಿಸುತ್ತಿತ್ತು. ಅವರು ಹೆಚ್ಚು ಬಳಲಿದ ದಿನ ತಡವಾಗಿ ಕೂಗುತ್ತಿತ್ತು. 1225ರಲ್ಲಿ, ಬಹುಮಟ್ಟಿಗೆ ಕುರುಡರಾಗಿ ಸಾನ್ ದಾಮಿಯಾನೋದ ಗುಡಿಸಲಿನಲ್ಲಿ ಮಲಗಿದ್ದಾಗ, ಸೂರ್ಯ ಚಂದ್ರ ಗಾಳಿ ನೀರುಗಳನ್ನು ಸೋದರ ಸೋದರಿಯರೆಂದು ಕರೆವ ಸ್ತುತಿಗೀತೆಯನ್ನು ಆಡುನುಡಿಯಲ್ಲಿ ರಚಿಸಿದರು. ಅಚ್ಚರಿಯೆಂದರೆ ಆ ಗೀತೆಯಲ್ಲಿ ಒಂದು ಪ್ರಾಣಿಯ ಹೆಸರೂ ಇಲ್ಲ. ಆ ಗುಡಿಸಲಿನಲ್ಲಿ ಇಲಿಗಳ ಕಾಟ ವಿಪರೀತವಾಗಿತ್ತು. ಹಗಲೂ ರಾತ್ರಿ ಮೈಮೇಲೆಯೇ ಓಡಾಡುತ್ತಿದ್ದವು.

ಹಕ್ಕಿಗಳಲ್ಲಿ ಅವರಿಗೆ ಬಾನಾಡಿಯೆಂದರೆ ಹೆಚ್ಚು ಪ್ರೀತಿ. ಅದರ ತಲೆಯ ಜುಟ್ಟು ಸನ್ಯಾಸಿಯ ಕುಲಾವಿಯಂತೆ, ಅದರ ಮಣ್ಣಿನ ಬಣ್ಣ ತಮ್ಮ ಉಡುಪಿನಂತೆ ಅವರಿಗೆ ಕಾಣುತ್ತಿತ್ತು. ಚಕ್ರವರ್ತಿಯನ್ನು ಕಾಣುವ ಅವಕಾಶ ಒದಗಿದರೆ, ಬಾನಾಡಿಗಳನ್ನು ಯಾರೂ ಹಿಡಿಯದಂತೆ ಶಾಸನ ಮಾಡಿಸಬೇಕೆಂದೂ, ಕ್ರಿಸ್ಮಸ್ ದಿನ ಊರ ಹೊರಗಿನ ದಾರಿಗಳಲ್ಲಿ ಹಕ್ಕಿಗಳಿಗಾಗಿ ಕಾಳು ಚೆಲ್ಲುವಂತೆ ಆಜ್ಞೆ ಹೊರಡಿಸಲು ಕೇಳಬೇಕೆಂದೂ ಹಂಬಲಿಸುತ್ತಿದ್ದರು. ಆ ಭೇಟಿ ಕೈಗೂಡಲಿಲ್ಲ. 1979ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಪರಿಸರ ಕಾಪಾಡುವವರ ಪಾಲಕ ಸಂತರೆಂದು ಘೋಷಿಸಿದರು.

1226ರ ಅಕ್ಟೋಬರ್ 3, ಶನಿವಾರ. ಪೋರ್ಸಿಯುಂಕುಲಾದ ಚಿಕ್ಕ ಗುಡಿಯ ಬಳಿ, ಅವರ ಕೋರಿಕೆಯಂತೆ ಬರಿಯ ನೆಲದ ಮೇಲೆ ಮಲಗಿಸಿದ್ದರು. ಬಾನಾಡಿ ಬೆಳಕಿನ ಹಕ್ಕಿ. ಮುಸ್ಸಂಜೆಯಾದ ಮೇಲೆ ಹಾರಾಡುವಂಥದಲ್ಲ. ಆದರೆ ಅಂದು ಕತ್ತಲು ಕವಿಯುವ ಹೊತ್ತಿಗೆ ಹಿಂಡುಹಿಂಡಾಗಿ ಬಂದು ಆ ಮನೆಯ ಮಾಡಿನ ಮೇಲೆ ತಗ್ಗಿನಲ್ಲಿ ಸುತ್ತುತ್ತ ಬಹಳ ಹೊತ್ತು ಕೂಗಿದವೆಂದು ಅಲ್ಲಿದ್ದ ಸೋದರರು ಹೇಳಿಕೊಂಡಿದ್ದಾರೆ. ಮರುದಿನ ಮುಂಜಾನೆ ಪಾರ್ಥಿವ ಶರೀರವನ್ನು ಅಸ್ಸಿಸಿಗೆ ಒಯ್ಯುವಾಗ ಸಾನ್ ದಾಮಿಯಾನೋದ ಬಾಗಿಲಲ್ಲಿ ಇಳಿಸಿದರು. ಸಂತ ಕ್ಲಾರಾ ಮತ್ತು ಅವರ ಸೋದರಿಯರು ಕೊನೆಯ ದರ್ಶನ ಪಡೆದರು.